ಎರಡು ಸಲ ಮಗುಚಿದ ಅಳತೆ

ಫೆಬ್ರವರಿ ಮೂವತ್ತು, ಕ್ರಿ.ಶ. ೨೩೪೭
ಹೊಳೆಬಾಗಿಲು ಕಚೇರಿ, ಕುಂದಾಪುರ

ನಮಗಿಂತ ಮುನ್ನೂರು ವರ್ಷ ಹಿಂದೆ ಕುಳಿತು ಕೋಡ್ ಬರೆಯುತ್ತಿರುವವರಿಗೆ ಮೂಕಾಂಬು ಪೂಜಾರ್ತಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಮೂವತ್ತು ದಿನ ಮಾಡಿ ಬಹಳ ಕಾಲವಾಯಿತು. ನಮ್ಮನ್ನು ಯಾರೂ ಕೇಳಲಿಲ್ಲ, ಹೆಚ್ಚಿನ ರಜೆಯನ್ನೂ ಕೊಡಲಿಲ್ಲ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒಗ್ಗದಿದ್ದರೆ ಕ್ಷಮಿಸಿ. ದಣಿದಿದ್ದೇನೆ, ತಿದ್ದಿ ಬರೆಯುವಷ್ಟು ತ್ರಾಣವಿಲ್ಲ.

ನಮ್ಮಲ್ಲಿ ಸಮುದ್ರ ಮೇಲೇರಿದೆ. ಹೊಳೆಯ ನಡುವಿನ ದ್ವೀಪಗಳನ್ನು, ಅಂದರೆ ನಮ್ಮ ಕುದ್ರುಗಳನ್ನು, ಸುತ್ತ ಕಟ್ಟೆ ಕಟ್ಟಿ ಉಳಿಸಿಕೊಂಡಿದ್ದೇವೆ. ಕಟ್ಟೆಗೆ ಹೊಳೆಬಾಗಿಲುಗಳಿವೆ. ಉಬ್ಬರಕ್ಕೆ ಮುಚ್ಚಿ ಇಳಿತಕ್ಕೆ ತೆರೆಯುವ ಈ ದೊಡ್ಡ ಕದಗಳು ಕೋಡ್ ಹೇಳಿದಂತೆ ಕೇಳುತ್ತವೆ. ರಸ್ತೆಗಳಲ್ಲಿ ದೋಣಿ ಓಡುತ್ತದೆ, ಆದರೂ ನಾವು ರೋಡಿಗೆ ಹೋಗಿಬರುತ್ತೇವೆ ಎಂದೇ ಹೇಳುತ್ತೇವೆ. ಹಳೆಯ ಬಸ್ ನಿಲ್ದಾಣದಲ್ಲಿ ಚಿಪ್ಪುಮೀನು ಸಾಕುತ್ತಾರೆ. ಕುಚ್ಚಲಕ್ಕಿ ಅನ್ನ ಹಬ್ಬಕ್ಕೆ ಮಾತ್ರ. ಉಳಿದ ದಿನ ಪಾಚಿಯ ಗಂಜಿ, ಅದನ್ನು ಗಂಟಲಲ್ಲಿ ಇಳಿಸಲು ಉಪ್ಪಿನಕಾಯಿ ಬೇಕೇ ಬೇಕು.

ನನ್ನ ಅಕ್ಕನ ಹೆಸರು ಸಾಧು, ಅವಳಿರುವುದು ಕಿರುಕುದ್ರಿನಲ್ಲಿ. ಅಲ್ಲಿಯ ಬಾಗಿಲು ಮುದಿಯಾಗಿದೆ, ಹೊಸ ಆವೃತ್ತಿಯ ಕೋಡನ್ನು ಅದರ ಯಂತ್ರ ತಾಳಿಕೊಳ್ಳುವುದಿಲ್ಲ. ಹಾಗಾಗಿ ಹೊಸ ಆವೃತ್ತಿಯಲ್ಲಿ ಸರಿಪಡಿಸಿದ್ದನ್ನು ನಾವು ಒಂದೊಂದಾಗಿ ಹಳೆಯದಕ್ಕೆ ಒಯ್ದು ಹೊಂದಿಸುತ್ತೇವೆ. ಇದಕ್ಕೆ ಹಿಂದೊಯ್ಲು ಎನ್ನುತ್ತೇವೆ. ಬೇರೆ ಬೇರೆಯವರು ತಂದ ಹಿಂದೊಯ್ಲುಗಳನ್ನೆಲ್ಲ ಬಿಡುಗಡೆಗೆ ಮುಂಚೆ ಒಂದೆಡೆ ಸೇರಿಸಿ ಪರೀಕ್ಷಿಸುವ ಕೋಡಿನ ಕವಲು ಕೂಡುಕೊಂಬೆ. ಅದನ್ನು ಕಾಯುವುದು ನನ್ನ ಕೆಲಸ. ಯಾರೂ ಆಸೆಪಟ್ಟು ಬರುವ ಕೆಲಸವಲ್ಲ.

ಈ ಸಲ ಎರಡು ಹಿಂದೊಯ್ಲುಗಳಿದ್ದವು. ದೊಡ್ಡ ಉಬ್ಬರದಲ್ಲಿ ಮುದಿ ಬಾಗಿಲು ತಡವಾಗಿ ಮುಚ್ಚುತ್ತಿತ್ತು. ಬೇಗ ಮುಚ್ಚುವ ತಿದ್ದುಪಡಿಯನ್ನು ಚಂದಯ್ಯ ಮರಕಾಲ ತಂದ. ನೀರಳೆಯುವ ಕಣ್ಣಿಗೆ ಚಿಪ್ಪು ಕಟ್ಟಿ ಲೆಕ್ಕ ತಪ್ಪುತ್ತಿತ್ತು. ಅದರ ತಿದ್ದುಪಡಿಯನ್ನು ಫ್ಲೋರಿನ್ ಲೋಬೊ ತಂದಳು. ಇಬ್ಬರೂ ನಮ್ಮ ಕಚೇರಿಯ ಜಾಣರು, ಎರಡೂ ಬಿಡಿಬಿಡಿಯಾಗಿ ಪರೀಕ್ಷೆಯಲ್ಲಿ ಗೆದ್ದಿದ್ದವು. ಹುಣ್ಣಿಮೆಯ ಉಬ್ಬರ ಹತ್ತಿರವಾಗಿತ್ತು. ನಮ್ಮ ಮೇಲಧಿಕಾರಿ ದಿನಕರ ಶೇರುಗಾರರು ಕಚೇರಿಯ ಬಾಗಿಲಲ್ಲೇ ನಿಂತು, “ಹ್ವಾಯ್, ಎರಡೂ ಬೇರೆ ಬೇರೆ ಕಂಡಾಯ್ತಲ್ದಾ, ಇನ್ನ್ ಎಂತ ಕಾಂಬುಕಿತ್ತ್?” ಎಂದರು, ನೋಡಲು ಇನ್ನೇನೂ ಉಳಿದಿಲ್ಲ ಎಂಬಂತೆ. ನನಗೂ ಮನೆಗೆ ಹೋಗಿ ಕಾಲು ಚಾಚಿದರೆ ಸಾಕಾಗಿತ್ತು. ಆದರೂ ಒಪ್ಪಲಿಲ್ಲ. ಎರಡನ್ನೂ ಸೇರಿಸಿ, ಅಂಗಳದ ತೊಟ್ಟಿಯಲ್ಲಿರುವ ಮಾದರಿ ಬಾಗಿಲಿಗೆ ಹಾಕಿ ನೀರು ಬಿಟ್ಟೆ.

ನೀರು ನೆತ್ತಿಗೆ ಬಂದಾಗ ಬಾಗಿಲು ಸಲೀಸಾಗಿ ತೆರೆದುಕೊಂಡಿತು.

ಕಾರಣ ಕೇಳಿದರೆ ನಗುತ್ತೀರಿ. ನಮ್ಮ ದೋಣಿಯವರು ನೀರು ಎಷ್ಟು ಬಂತೆಂದು ಕೇಳುವುದಿಲ್ಲ, ಕಟ್ಟೆ ಎಷ್ಟು ಉಳಿಯಿತೆಂದು ಕೇಳುತ್ತಾರೆ. ಹಳೆಯ ಆವೃತ್ತಿಯನ್ನು ಬರೆದವರೂ ಈ ಊರಿನವರೇ, ಮೇಲಿನಿಂದ ಕೆಳಕ್ಕೆ ಅಳೆದರು. ಹೊಸದರಲ್ಲಿ ಅಳತೆ ತಳದಿಂದ ಮೇಲಕ್ಕೆ. ಇದು ಗೊತ್ತಿದ್ದ ಚಂದಯ್ಯ ತನ್ನ ಕೋಡಿನಲ್ಲಿ ಅಳತೆಯನ್ನು ಮಗುಚಿದ್ದ. ಫ್ಲೋರಿನ್ ಕೂಡ ಎಲ್ಲರಿಗೂ ಅನುಕೂಲವಾಗಲೆಂದು ಅಳತೆ ಹೊರಡುವ ಮೂಲದಲ್ಲೇ ಮಗುಚಿ, ಹಳೆಯ ಕೋಡನ್ನೂ ಅದಕ್ಕೆ ಹೊಂದಿಸಿದ್ದಳು. ದೋಸೆಯನ್ನು ಎರಡು ಸಲ ಮಗುಚಿದರೆ ಮೊದಲಿನ ಮಗ್ಗುಲೇ ತಾನೆ ಮೇಲೆ ಬರುವುದು? ತುಂಬಿದ ಹೊಳೆಯನ್ನು ಬಾಗಿಲು ಬರಿದೆಂದು ತಿಳಿಯಿತು. ಇಬ್ಬರದೂ ತಪ್ಪಲ್ಲ, ಅದೇ ನನ್ನನ್ನು ಹೆಚ್ಚು ಸುಸ್ತು ಮಾಡಿದ್ದು. ತಪ್ಪಿದ್ದಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಫ್ಲೋರಿನ್ ತೊಟ್ಟಿಯ ಅಂಚಿನಲ್ಲಿ ಕುಳಿತು ಅತ್ತಳು. ಚಂದಯ್ಯ ತನ್ನ ಮಗುಚುವಿಕೆಯನ್ನು ತೆಗೆದ. ಆದರೆ ತಿದ್ದಿದ್ದನ್ನು ಮತ್ತೆ ಮೊದಲಿನಿಂದ ಪರೀಕ್ಷಿಸಬೇಕಲ್ಲ, ಅದು ಮುಗಿಯುವಷ್ಟರಲ್ಲಿ ಹುಣ್ಣಿಮೆ ಬಂದುಬಿಟ್ಟಿತು. ಬಿಡುಗಡೆಯನ್ನು ನಾನೇ ತಡೆಹಿಡಿದೆ. ಕಿರುಕುದ್ರಿನ ಬಾಗಿಲು ಹಳೆಯ ಚಾಳಿಯಂತೆ ತಡವಾಗಿ ಮುಚ್ಚಿತು. ಮೊಣಕಾಲುದ್ದದ ನೀರು ಒಳನುಗ್ಗಿ ಅಕ್ಕನ ಬಸಳೆ ಚಪ್ಪರ ಮಲಗಿತು, ಇಡೀ ಕುದ್ರಿಗಿದ್ದ ಒಂದೇ ಸಿಹಿ ಬಾವಿ ಉಪ್ಪಾಯಿತು. ಮಾರನೆಯ ದಿನ ಹೋದಾಗ ಅವಳು, “ತಿದ್ದಿದ್ ಕೈಯಗೇ ಇತ್ತಂಬ್ರ್, ನೀ ಕೊಡ್ಲಿಲ್ಯಂಬ್ರ್. ಇನ್ನ್ ಈ ಜಗಲಿ ಹತ್ತ್‌ಬೇಡ” ಎಂದಳು. ತಿದ್ದುಪಡಿ ಕೈಯಲ್ಲಿದ್ದೂ ನಾನು ಕೊಡಲಿಲ್ಲವೆಂದು ಯಾರೋ ಅವಳ ಕಿವಿಗೆ ಹಾಕಿದ್ದರು. ತೊಟ್ಟಿಯಲ್ಲಿ ಕಂಡದ್ದನ್ನು ವಿವರಿಸಲು ಹೋದೆ. ಆಗದೇ ಇದ್ದದ್ದನ್ನು ತೋರಿಸುವುದು ಹೇಗೆ? ದೋಣಿ ಹತ್ತಿದೆ. ತಿದ್ದುಪಡಿ ಈಗ ಆ ಬಾಗಿಲಲ್ಲಿ ಓಡುತ್ತಿದೆ, ಚೆನ್ನಾಗಿಯೇ ಓಡುತ್ತಿದೆ. ಅದಕ್ಕೆ ಯಾರೂ ನನ್ನನ್ನು ನೆನೆಯುವುದಿಲ್ಲ.

ನಿಮ್ಮಲ್ಲಿ ಎರಡು ಬೇಡಿಕೆ. ಯಾವುದೇ ಸಂಖ್ಯೆ ಬರೆದರೆ ಅದನ್ನು ಎಲ್ಲಿಂದ ಎಣಿಸಿದಿರೆಂದು ಪಕ್ಕದಲ್ಲೇ ಬರೆಯಿರಿ, ನೀವು ಬರೆದದ್ದು ನೀವಂದುಕೊಂಡಿರುವುದಕ್ಕಿಂತ ಬಹಳ ಕಾಲ ಬಾಳುತ್ತದೆ. ಹಾಗೆಯೇ, ಎಲ್ಲರೂ ಹೊರಡುವ ಹೊತ್ತಿಗೆ ಒಬ್ಬಳು ಅಡ್ಡ ನಿಂತು ‘ಎರಡನ್ನೂ ಸೇರಿಸಿ ಒಮ್ಮೆ ನೋಡೋಣ’ ಎಂದರೆ ಅವಳಿಗೆ ಸಮಯ ಕೊಡಿ.

ಪ್ರತಿ ಭಾನುವಾರ ಒಂದು ಕೊಡ ಸಿಹಿನೀರು ಹೊತ್ತು ಕಿರುಕುದ್ರಿಗೆ ಹೋಗುತ್ತೇನೆ. ಜಗಲಿ ಹತ್ತುವುದಿಲ್ಲ, ಅಂಗಳದಲ್ಲೇ ಇಳಿಸುತ್ತೇನೆ. ಅಕ್ಕ ಒಳಗಿನಿಂದಲೇ ಬೈಯುತ್ತಾಳೆ, ಏರುದನಿಯಲ್ಲಿ. ನಿಂತು ಪೂರ್ತಿ ಕೇಳಿಸಿಕೊಂಡು ಬರುತ್ತೇನೆ.