ಗೂಂಡಾನ ಹಾಲುಹಲ್ಲು

ಮಾರ್ಚ್ 4, ಬೆಳಿಗ್ಗೆ

ಆಕ್ಸಿಜನ್ ಮಿಷಿನ್ನಿನ ಬಾಟಲಿಗೆ ನೀರು ತುಂಬಿಸಿದೆ. ಮತ್ತೆ ಎಲ್ಲೋ ಸುಯ್ ಅನ್ನುವ ಸದ್ದು. ಅಕ್ಕನ ಆಕ್ಸಿಜನ್ ಟ್ಯೂಬಿನಲ್ಲಿ ಹೊಸ ತೂತುಗಳು. ಗೂಂಡಾನ ಕೆಲಸ. ಮಂಚದ ಕೆಳಗೆ ಏನೂ ಅರಿಯದವನ ಹಾಗೆ ಕೂತಿದ್ದಾನೆ. ನಾಲ್ಕು ತಿಂಗಳ ಬೆಕ್ಕಿನ ಮರಿಗೆ ಇಷ್ಟು ಧಿಮಾಕು! ಟೇಪ್ ಸುತ್ತಿದೆ.

"ಹಲ್ಲು ಬರ್ತಿದೆ ಕಣೋ ಅವನಿಗೆ. ಬೈಬೇಡ," ಅಂದಳು ಅಕ್ಕ.

ಹೋದ ತಿಂಗಳು ಹಳೆಯ ಟ್ಯೂಬಿನ ತುಂಡು ಕತ್ತರಿಸಿ ಆಟಕ್ಕೆ ಕೊಟ್ಟವಳೂ ಅವಳೇ. ಯಾವುದು ಆಟದ್ದು, ಯಾವುದು ಉಸಿರಿನದು — ಅವನಿಗೇನು ಗೊತ್ತು. ಒಂದೇ ಕೋಣೆಯ ಮನೆ, ಬೇರೆ ಇಡುವುದಾದರೂ ಎಲ್ಲಿ?

ಮಾರ್ಚ್ 6

ಬೆಕ್ಕಿನ ಡಾಕ್ಟರು ಬಾಯಿ ಬಿಡಿಸಿ ತೋರಿಸಿದರು. ಮುಂದಿನ ಪುಟ್ಟ ಹಲ್ಲುಗಳು ಆಗಲೇ ಬಿದ್ದು ಹೊಸವು ಬಂದಿವೆ. ಇನ್ನು ಕೋರೆ, ದವಡೆಯ ಸರದಿ. ಒಸಡು ಕೆಂಪಗೆ ಊದಿದೆ. ಕಚ್ಚಲು ತಣ್ಣನೆಯ ಒದ್ದೆ ಬಟ್ಟೆ ಕೊಡಬೇಕಂತೆ.

"ಆರು ತಿಂಗಳು ತುಂಬೋ ಹೊತ್ತಿಗೆ ಎಲ್ಲಾ ಬಂದ್ಬಿಡುತ್ತೆ. ಆಮೇಲೆ ಕಚ್ಚೋದು ಕಮ್ಮಿಯಾಗುತ್ತೆ. ಇನ್ನೆರಡು ತಿಂಗಳು, ಅಷ್ಟೇ."

ಎರಡು ತಿಂಗಳು. ಅಕ್ಕನ ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು ಹೇಳಿದ್ದೂ ಅಷ್ಟೇ. ಅವಳಿಗೆ ಹೇಳಿಲ್ಲ.

ಮಾರ್ಚ್ 11, ಸಂಜೆ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿ ಸುಸ್ತಾಗಿ ಬಂದರೆ ಅಕ್ಕನ ತುಟಿ ನೀಲಿ! ಟ್ಯೂಬ್ ಅರ್ಧ ಹರಿದಿದೆ. ಮಧ್ಯಾಹ್ನದಿಂದ ಬೆರಳಲ್ಲಿ ಒತ್ತಿ ಹಿಡಿದು ಕೂತಿದ್ದಾಳೆ, ಮಾರಾಯ್ತಿ. ತೊಡೆಯ ಮೇಲೆ ಆ ಗೂಂಡಾ ಗೊರಕೆ ಹೊಡೆಯುತ್ತಿದ್ದಾನೆ. ಗಡಿಬಿಡಿಯಲ್ಲಿ ಹೊಸದು ಹಾಕಿದೆ.

"ಫೋನ್ ಮಾಡೋಕೇನಾಗಿತ್ತು ನಿನಗೆ?"

"ಮಾಡಿದ್ರೆ... ನೀನು ಇವನನ್ನ... ಕಳಿಸಿಬಿಡ್ತಿದ್ದೆ."

ಕಳಿಸುತ್ತಿದ್ದೆ. ನಿಜ.

ಮಾರ್ಚ್ 12

ಕಳಿಸಿದೆ. ಅಂಗಡಿಯ ಕ್ಯಾಷಿಯರ್ ಮನೆಗೆ, ಬುಟ್ಟಿಯಲ್ಲಿ ಹಾಕಿ. ದಾರಿಯುದ್ದಕ್ಕೂ ಕಿರುಚಿದ.

ಮಾರ್ಚ್ 14

ವಾಪಸ್ ತಂದೆ. ಅಕ್ಕ ಊಟ ಮುಟ್ಟಿರಲಿಲ್ಲ. ಜಗಳಕ್ಕೆ ಬಂದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಸುಮ್ಮನೆ ಬಾಗಿಲು ನೋಡುತ್ತಿದ್ದಳು. ಟ್ಯೂಬಿಗೆ ಉದ್ದಕ್ಕೂ ದಪ್ಪ ಬಟ್ಟೆ ಹೊಲಿಯುತ್ತಾ ಕೂತೆ. ಹೊಲಿಗೆ ಸೊಟ್ಟ. ಅವಳು ನೋಡಿ ನಕ್ಕಳು.

ಏಪ್ರಿಲ್ 9

ಕೋರೆಹಲ್ಲು ಎರಡೆರಡು! ಹಳೆಯದು ಬಿದ್ದಿಲ್ಲ, ಪಕ್ಕದಲ್ಲೇ ಹೊಸದು ಇಣುಕಿದೆ. ಅಕ್ಕ ಬೆರಳಿಟ್ಟು ನೋಡಿ ಕಚ್ಚಿಸಿಕೊಂಡಳು. ಅವನ ಕಿವಿ ಸವರಿದಳು.

"ಇನ್ನೇನು ಮುಗೀತು ಕಣೋ. ಸ್ವಲ್ಪ ತಡ್ಕೋ."

ಹೇಳಿದ್ದು ಅವನಿಗೆ. ನೋಡಿದ್ದು ನನ್ನನ್ನು. ಗೊತ್ತಿದೆ ಅವಳಿಗೆ. ನೀರು ತುಂಬಿಸುವ ನೆಪದಲ್ಲಿ ಎದ್ದುಹೋದೆ.

ಮೇ 2

ಅಕ್ಕ ಹೋಗಿ ವಾರವಾಯಿತು. ನಾಳೆ ಮಿಷಿನ್ ಒಯ್ಯಲು ಬರುತ್ತಾರೆ.

ಗೂಂಡಾನ ಬಾಯಿ ಬಿಡಿಸಿ ನೋಡಿದೆ. ಎಲ್ಲ ಹಲ್ಲೂ ಬಂದಿವೆ. ಬೆಳ್ಳಗೆ, ಗಟ್ಟಿ. ಟ್ಯೂಬಿನ ಬಟ್ಟೆ ಬಿಚ್ಚಿ ಅವನ ಮುಂದೆ ಹಿಡಿದೆ. ಮೂಸಿದ. ಅವಳ ಮೂಗಿಗೆ ಹಾಕುತ್ತಿದ್ದ ತುದಿಯನ್ನು ಹುಡುಕಿ ಮತ್ತೆ ಮೂಸಿದ.

"ಕಚ್ಚೋ," ಅಂದೆ. "ಎಷ್ಟು ಬೇಕೋ ಅಷ್ಟು ಕಚ್ಚು. ಯಾರೂ ಬೈಯಲ್ಲ."

ಕಚ್ಚಲಿಲ್ಲ. ಅದರ ಮೇಲೆ ಕೆನ್ನೆಯಿಟ್ಟು ಮಲಗಿದ. ನಾನು ಮಿಷಿನ್ ಸ್ವಿಚ್ ಹಾಕಿದೆ, ಸುಮ್ಮನೆ, ಆ ಸದ್ದಿಗೆ... ಅವನು ತಟ್ಟನೆ ತಲೆಯೆತ್ತಿ ಖಾಲಿ ಮಂಚದ ಕಡೆ ನೋಡಿದ.