ನಿಂತ ಮುಟ್ಟು ಮರಳಿತೆಂದುಕೊಂಡಿದ್ದೆ

ಪರಶುರಾಂಪುರದ ಹತ್ತಿರ, ನಮ್ಮ ಹಟ್ಟಿಯಿಂದ
12 ಜನವರಿ 2025

ನನ್ನ ಮುದ್ದು ಸ್ವಪ್ನಾ,

ನನ್ನ ನಂಬರ್ ಕಂಡರೆ ನೀನು ಫೋನ್ ಎತ್ತುವುದಿಲ್ಲ. ಎತ್ತಿದರೂ ನಾನು ಮಾತು ಬಿಟ್ಟು ಅಳುತ್ತೇನೆ. ಅದಕ್ಕೇ ನನ್ನ ಏಳನೇ ಕ್ಲಾಸಿನ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ತಪ್ಪು ಹುಡುಕಬೇಡ ಟೀಚರಮ್ಮ. ನಾನು ಮನೆಯಲ್ಲಿ ಆರಾಮವಾಗಿದ್ದೇನೆ. ನಿನ್ನ ಅಪ್ಪ ಕುರಿ ಹೊಡೆದುಕೊಂಡು ಹೋಗಿದ್ದಾರೆ.

ನಿನ್ನನ್ನು ನೋಡಿ ಮೂರು ವರ್ಷವಾಯಿತು. ಹಟ್ಟಿಯ ಪದ್ಧತಿಯಂತೆ ಹಸಿ ಬಾಣಂತಿ ಕೂಸಿನ ಜೊತೆ ಬೇಲಿಯಾಚೆಯ ಗುಡಿಸಲಲ್ಲಿರಬೇಕು ಎಂದು ಹಿರಿಯರು ಹೇಳಿದಾಗ ನೀನು ಒಲ್ಲೆ ಎಂದೆ. ನನ್ನ ಮುಖ ನೋಡಿದೆ. ನಾನು ನೆಲ ನೋಡಿದೆ. ನೀನು ಕೂಸನ್ನೆತ್ತಿಕೊಂಡು ರಾಂಪುರಕ್ಕೆ, ಗಂಡನ ಮನೆಗೆ ಹೊರಟುಹೋದೆ. ರಾಂಪುರವೇನು ಪರದೇಶವೇ? ಆದರೂ ಮೊಮ್ಮಗಳ ದನಿ ಹೇಗಿದೆಯೋ ನನಗೆ ಗೊತ್ತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ, ಗಾಬರಿಯಾಗಬೇಡ. ಮುಟ್ಟು ನಿಂತು ಆರು ವರ್ಷವಾಗಿದ್ದ ನನಗೆ ಹೋದ ವರ್ಷ ಮತ್ತೆ ರಕ್ತ ಕಾಣಿಸಿತು. ಮುಟ್ಟೇ ಮರಳಿತು ಎಂದುಕೊಂಡು ಚಾಪೆ ಹಿಡಿದು ಬೇಲಿಯಾಚೆಯ ಅದೇ ಗುಡಿಸಲಿಗೆ ನಡೆದೆ. ನಿನ್ನ ಚಿಕ್ಕಮ್ಮ ಪಾತಮ್ಮ, ಮತ್ತೆ ಹರೇದೋಳಾಗೀಯಾ ಕಣಕ್ಕಾ ಎಂದು ಕಿಚಾಯಿಸಿದಳು. ನಾನೂ ನಕ್ಕೆ. ಮೊದಮೊದಲು ತಿಂಗಳಿಗೆ ಮೂರು ದಿನ, ಆಮೇಲೆ ಹತ್ತು ದಿನ ಹೊರಗೆ ಕೂತೆ. ಹೀಗೇ ಹತ್ತು ತಿಂಗಳು ಹೋಯಿತು. ಇದು ರೋಗವಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಆಶಾ ಕಾರ್ಯಕರ್ತೆ ಗಂಗಲಕ್ಷ್ಮಿ ಬೈದು, ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಗರ್ಭಕೋಶದ ಕ್ಯಾನ್ಸರ್ ಅಂತೆ. ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡಿದರು. ಜೀವಕೋಶಕ್ಕೆ ಬೆಳೆಯಲು ಹೇಳುವ ಜೀನ್ ಒಂದಿರುತ್ತದಂತೆ. ನನ್ನ ಗಡ್ಡೆಯಲ್ಲಿ ಅದು ಅಳತೆ ಮೀರಿ ಕೆಲಸ ಮಾಡುತ್ತಿದೆ, ಅದಕ್ಕೇ ಗಡ್ಡೆ ಬೇಗ ಬೇಗ ಬೆಳೆಯುತ್ತಿದೆ ಎಂದರು ಡಾಕ್ಟರಮ್ಮ. ಸೊಕ್ಕಿದ ಟಗರಿನಂಗಾ ಎಂದು ಕೇಳಿದೆ, ನಕ್ಕುಬಿಟ್ಟರು. ಆ ಜೀನಿನ ಕೆಲಸಕ್ಕೇ ಅಡ್ಡ ನಿಲ್ಲುವ ಇಂಜೆಕ್ಷನ್ ಇದೆಯಂತೆ. ಮೊದಲು ಆಪರೇಷನ್, ಇದೇ ಇಪ್ಪತ್ತನೇ ತಾರೀಕು.

ನಾನು ಕೇಳಿದ್ದು ಒಂದೇ: ನನ್ನ ಮಗಳಿಗೂ ಇದನ್ನ ಕೊಟ್ಟೀನಾ? ಇಲ್ಲ, ಈ ಜೀನ್ ಕೆಟ್ಟಿರುವುದು ಗಡ್ಡೆಯೊಳಗೆ ಮಾತ್ರ, ಹೊಟ್ಟೆಯಲ್ಲಿ ಹುಟ್ಟಿದವರಿಗೆ ಇಳಿದು ಬರುವಂಥದ್ದಲ್ಲ ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಜೊತೆಗೆ ಬಂದಿದ್ದ ಪಾತಮ್ಮ, ನಾನು ಹೆದರಿ ಅಳುತ್ತಿದ್ದೇನೆ ಎಂದುಕೊಂಡಳು. ಸಂತೋಷಕ್ಕೆ ಅತ್ತಿದ್ದೆ ಕಣೇ.

ಅವತ್ತು ನಾನು ನಿನ್ನ ಪರವಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ತಪ್ಪಾಯಿತು. ಆಪರೇಷನ್ನಿಗೆ ಮುಂಚೆ ಒಂದು ಸಲ ನಿನ್ನನ್ನು ನೋಡಬೇಕು. ಕೂಸನ್ನೂ ಕರೆದುಕೊಂಡು ಬಾ.

ಇತಿ, ನಿನ್ನ ದಾರಿ ಕಾಯುತ್ತಿರುವ
ಅವ್ವ, ಜಯಕ್ಕ

ಮರೆತ ಮಾತು: ಮನೆಯಲ್ಲಿದ್ದೇನೆ ಎಂದು ಬರೆದೆನಲ್ಲ, ಅದು ಸುಳ್ಳು. ರಕ್ತ ಇನ್ನೂ ನಿಂತಿಲ್ಲ. ಇದು ಮುಟ್ಟಲ್ಲ, ಕಾಯಿಲೆ ಎಂದು ಹಟ್ಟಿಗೆಲ್ಲ ನಾನೇ ಹೇಳಿದೆ. ನಿನ್ನ ಅಪ್ಪನೂ ಒಳಗೆ ಬಾ ಎಂದು ಎರಡು ಸಲ ಕರೆದರು. ನನ್ನ ಕಾಲೇ ಬೇಲಿ ದಾಟುತ್ತಿಲ್ಲ ಸ್ವಪ್ನಾ, ಗುಡಿಸಲಲ್ಲೇ ಕೂತು ಬರೆಯುತ್ತಿದ್ದೇನೆ. ನೀನೇ ಬಂದು, ಕೈ ಹಿಡಿದು, ನನ್ನನ್ನು ಒಳಗೆ ಕರೆದುಕೊಂಡು ಹೋಗು.