ಅಮರನಾಥನಿಗೆ ಮೂರು ವರ್ಷ

ಪಂಚಶೀಲಾ,

ನೀನು ಈ ಪತ್ರ ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ಆಳಂದ ಕೋರ್ಟಿನಲ್ಲಿ ಅಮರನಾಥನಿಗೆ ಮೂರು ವರ್ಷ ಜೈಲಾಯಿತು. ನಮ್ಮ ಜೊತೆ ಕಾನೂನು ಓದಿದ ಅಮರನಾಥನೇ. ಮಟಕಿ ಎಂಬ ಹಳ್ಳಿಯ ಹುಡುಗಿಯೊಬ್ಬಳ ಮುಖವನ್ನು ಬೆತ್ತಲೆ ಚಿತ್ರಕ್ಕೆ ಅಂಟಿಸಿ ಊರಿನವರ ಮೊಬೈಲಿಗೆಲ್ಲ ಕಳಿಸಿದ್ದ, ನಿನಗೆ ಮಾಡಿದ ಹಾಗೆಯೇ. ಕಾನೂನು ಕಾಲೇಜಿನಲ್ಲಿ ಪಾಠ ಹೇಳುತ್ತಲೇ ನಾನು ಇಂಥ ಕೇಸುಗಳಲ್ಲಿ ಸರ್ಕಾರದ ಪರ ವಾದಿಸುತ್ತೇನೆ. ಇದನ್ನೂ ನಾನೇ ವಾದಿಸಿದೆ.

"ಮೊದಲನೇ ತಪ್ಪು ಅದರಿ, ದಯಾ ತೋರಿಸ್ರಿ" ಎಂದರು ಅವನ ವಕೀಲರು. ಒಂದು ದಿನವೂ ಕಡಿಮೆ ಮಾಡಬಾರದೆಂದು ನಾನು ಹಟ ಹಿಡಿದೆ. ತೀರ್ಪು ಕೇಳಿ ಅವನ ಮುಖ ಬಿಳಿಚಿಕೊಂಡದ್ದನ್ನು ಕಣ್ತುಂಬ ನೋಡಿದೆ.

ಪೊಲೀಸರು ಕರೆದೊಯ್ಯುವಾಗ ಅವನು ನನ್ನೆದುರು ನಿಂತ. "ಶಿವಕಾಂತಾ, ನಾ ಪಂಚಶೀಲಾನ ಫೋಟೊ ಮಾಡಾಕತ್ತಿದ್ದಾಗ ನೀ ಹಿಂದ ನಿಂತು ನೋಡಿದ್ದಿ. ಆವಾಗ ಯಾಕ ಬಾಯಿ ತೆಗಿಲಿಲ್ಲ?"

ಆಗ ನನಗೂ ಅವನಿಗೂ ಲಗ್ನದ ಮಾತು ನಡೆದಿತ್ತು. ನೀನು ಓದು ಬಿಟ್ಟು ನಿನ್ನೂರು ಕಿಣ್ಣಿ ಸುಲ್ತಾನಕ್ಕೆ ಹೋದ ವರ್ಷವೇ ಅವನು ಬೇರೆಯವಳನ್ನು ಮದುವೆಯಾದ.

"ಒಯ್ರಿ ಇವನ್ನ" ಎಂದೆ ಪೊಲೀಸರಿಗೆ.

ಸೋಮವಾರ ಕ್ಲಾಸಿನಲ್ಲಿ ಈ ಕೇಸನ್ನೇ ಪಾಠ ಮಾಡುತ್ತೇನೆ. ಅವನು ಕೊನೆಗೆ ಕೇಳಿದ್ದೊಂದನ್ನು ಬಿಟ್ಟು.

ಶಿವಕಾಂತಾ